ಒಂದು ಕಿಟಕಿಯ ಬೆಳಕು, ನಮ್ಮವರ ಭಾವಚಿತ್ರ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಪ್ರಾವಿಡೆಂಟ್ ಫಂಡುಗಳ ಮಾತು ನಡೆಯುವ ಈ ವೇದಿಕೆಯ ಮೇಲೆ ಫೋಟೋ ತೆಗೆಯುವ ವಿಚಾರವೇಕೆ ಎಂದು ಕೆಲವರಿಗೆ ಅನಿಸಬಹುದು. ಅನಿಸುವುದು ಸಹಜ. ಮೊದಲು ಅದಕ್ಕೆ ಉತ್ತರ ಹೇಳಿ ಮುಂದೆ ಹೋಗುತ್ತೇವೆ.

ನಮ್ಮ ಸದಸ್ಯರೊಬ್ಬರು ತೀರಿಕೊಂಡರೆ ಶೋಕಸಭೆಗೆ ಒಂದು ಭಾವಚಿತ್ರ ಬೇಕಾಗುತ್ತದೆ. ಹುಡುಕಿದರೆ ಸಿಗುವುದೇನು? ಆಧಾರ್ ಕಾರ್ಡಿನ ಮೇಲಿರುವ ಹೆಬ್ಬೆರಳಗಲದ ಚಿತ್ರ. ಇಲ್ಲವಾದರೆ ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಇನ್ನೊಬ್ಬರ ಹೆಗಲ ಮರೆಯಿಂದ ಇಣುಕುವ ಅರ್ಧ ಮುಖ. ಅದನ್ನೇ ಕತ್ತರಿಸಿ ಹಿಗ್ಗಿಸಿ ಹಾರ ಹಾಕುತ್ತೇವೆ. ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತು ಸಾವಿರಾರು ಜನರ ಹೊಟ್ಟೆ ತುಂಬಿಸಿದವರ ಮುಖ ಕೊನೆಗೆ ಗೋಡೆಯ ಮೇಲೆ ಒಂದು ಮಸುಕು ಕಲೆಯಾಗಿ ಉಳಿಯುತ್ತದೆ. ಊರಿನಲ್ಲಿ ಹೆಂಡತಿ ಮಕ್ಕಳು ದೀಪ ಹಚ್ಚುವುದೂ ಆ ಕಲೆಯ ಮುಂದೆಯೇ.

ಗಿರಣಿಯ ಹಿರಿಯರ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅಂದಿನ ಮೆರವಣಿಗೆಯ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ: ಬಾವುಟ, ಜನಸಾಗರ. ಅವು ಬೇಕು. ಆದರೆ ಆ ಸಾಗರದೊಳಗೆ ಇದ್ದವರನ್ನು ಒಬ್ಬೊಬ್ಬರಾಗಿ ಕೂರಿಸಿ, ಮುಖ ನೋಡಿ ಪಟ ತೆಗೆದವರು ಎಷ್ಟು ಮಂದಿ? ಅಂದು ಮುಷ್ಕರದಲ್ಲಿದ್ದವರು ಈಗ ಅಜ್ಜಂದಿರು. ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.

ಆದಕಾರಣ ಇದು ಶೋಕಿಯ ಮಾತಲ್ಲ, ಮರ್ಯಾದೆಯ ಮಾತು. ಖರ್ಚಿನ ಮಾತೂ ಅಲ್ಲ. ಹೆಚ್ಚಿನವರ ಕಿಸೆಯಲ್ಲಿ ಕ್ಯಾಮೆರಾ ಇರುವ ಮೊಬೈಲು ಉಂಟು. ಇಲ್ಲದಿರುವುದು ಎರಡು ತಿಳಿವಳಿಕೆ: ಬೆಳಕನ್ನು ಹೇಗೆ ಹಿಡಿಯಬೇಕು, ಪಟವನ್ನು ಎಲ್ಲಿ ಕತ್ತರಿಸಬೇಕು. ಈ ಎರಡನ್ನು ಮಾತ್ರ ಇಂದು ಹೇಳಬಯಸುತ್ತೇವೆ.

ಮೊದಲು ಬೆಳಕು.

ನಮ್ಮ ಖೋಲಿಗೆ ಒಂದೇ ಕಿಟಕಿ. ಎಷ್ಟೋ ಹೋಟೆಲುಗಳ ಅಡುಗೆಮನೆಗೆ ಅದೂ ಇಲ್ಲ. ವಾಸಕ್ಕೂ ದುಡಿಮೆಗೂ ಇದು ಕೆಟ್ಟದ್ದೇ. ಗಾಳಿ ಬೆಳಕಿಗಾಗಿ ಸಂಘ ಕೇಳತಕ್ಕದ್ದನ್ನು ಕೇಳುತ್ತಲೇ ಇರಬೇಕು. ಆದರೆ ಒಂದು ಮುಖದ ಪಟಕ್ಕೆ ಒಂದು ಕಿಟಕಿ ಧಾರಾಳವಾಗಿ ಸಾಕು. ಎರಡು ಮೂರು ಕಡೆಯಿಂದ ಬೆಳಕು ಬಿದ್ದರೆ ಮುಖ ಚಪ್ಪಟೆಯಾಗಿ ಕಾಣುತ್ತದೆ. ಒಂದೇ ಕಡೆಯಿಂದ ಬಿದ್ದರೆ ಮೂಗು, ಕೆನ್ನೆ, ಹಣೆಯ ಗೆರೆ ಎಲ್ಲವೂ ಎದ್ದು ನಿಲ್ಲುತ್ತವೆ. ನೆರಳು ಇದ್ದರೆ ತಾನೆ ಬೆಳಕಿಗೆ ಬೆಲೆ?

ಈ ವಿದ್ಯೆಯಲ್ಲಿ ಹೆಸರಾದ ಒಬ್ಬರು ನಮ್ಮ ನಾಡಿನವರೇ, ನಮ್ಮಂತೆಯೇ ಮುಂಬಯಿಗೆ ಬಂದು ದುಡಿದವರು. ವಿ. ಕೆ. ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು, ಇಲ್ಲಿಗೆ ಬಂದು, ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 1957ರ ‘ಪ್ಯಾಸಾ’, 1959ರ ‘ಕಾಗಜ್ ಕೆ ಫೂಲ್’ ಇವರ ಕೈಯ ಕೆಲಸ. ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲೆ ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಒಂದು ಬಿಸಿಲುಕೋಲು ಇಳಿದುಬರುತ್ತದೆ. ಅದನ್ನು ನೋಡಿದವರು ಯಾವ ದೊಡ್ಡ ದೀಪ ತರಿಸಿದರೋ ಎಂದುಕೊಂಡಿರಬೇಕು. ಮೂರ್ತಿಯವರು ಬಳಸಿದ್ದು ಹೊರಗಿನ ಬಿಸಿಲನ್ನೇ. ದೊಡ್ಡ ಕನ್ನಡಿಗಳನ್ನಿಟ್ಟು ಆ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಅವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. 2014ರಲ್ಲಿ ತೀರಿಕೊಂಡರು.

ಕನ್ನಡಿಯ ಮಾತಾಯಿತು, ಇನ್ನು ಬಟ್ಟೆಯ ಮಾತು. ಸತ್ಯಜಿತ್ ರಾಯರ ‘ಅಪರಾಜಿತೋ’ 1956ರಲ್ಲಿ ಬಂತು. ಅದರಲ್ಲಿ ಕಾಶಿಯ ಮನೆಯೊಂದರ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದೊಳಗೆ ಕಟ್ಟಿದ್ದರು. ಅಂಗಳವೆಂದ ಮೇಲೆ ಆಕಾಶದ ತಣ್ಣನೆಯ ಬೆಳಕು ಬೇಕು. ಸ್ಟುಡಿಯೋದೊಳಗೆ ಆಕಾಶವೆಲ್ಲಿ? ಛಾಯಾಗ್ರಾಹಕ ಸುಬ್ರತ ಮಿತ್ರರು ಅಂಗಳದ ಮೇಲೆ ಬಿಳಿಯ ಬಟ್ಟೆ ಕಟ್ಟಿಸಿ, ದೀಪಗಳನ್ನು ನೇರವಾಗಿ ನಟರ ಮೇಲೆ ಬಿಡದೆ ಆ ಬಟ್ಟೆಗೆ ಹಾಯಿಸಿದರು. ಬಟ್ಟೆಗೆ ತಾಗಿ ಮರಳಿ ಬಂದ ಬೆಳಕು ಹಗಲಿನಂತೆಯೇ ಹರಡಿತು. ಬಂಧುಗಳೇ, ಕನ್ನಡಿಯೂ ಬಿಳಿಯ ಬಟ್ಟೆಯೂ ಇಲ್ಲದ ಖೋಲಿ ಯಾವುದುಂಟು?

ಗಿರಣಿಯ ಹಿರಿಯರಿಗೆ ಈ ಸೂಕ್ಷ್ಮ ಹೊಸದಲ್ಲ. ಎಷ್ಟೋ ನೇಯ್ಗೆ ಶೆಡ್ಡುಗಳ ಮಾಡು ಗರಗಸದ ಹಲ್ಲಿನಂತೆ ಇರುತ್ತಿತ್ತಲ್ಲವೇ? ಆ ಹಲ್ಲುಗಳ ಕಡಿದಾದ ಬದಿಗೆ ಗಾಜು ಹಾಕಿ ಉತ್ತರಕ್ಕೆ ಮುಖ ಮಾಡಿಸುತ್ತಿದ್ದರು. ಉತ್ತರದ ಕಡೆಯಿಂದ ವರ್ಷದ ಹೆಚ್ಚಿನ ಕಾಲ ನೇರ ಬಿಸಿಲು ಬೀಳುವುದಿಲ್ಲ. ಆಕಾಶದ ಸಮನಾದ ಬೆಳಕು ಮಾತ್ರ ಬರುತ್ತದೆ. ಕಣ್ಣು ಕುಕ್ಕದೆ ಹರಿದ ಎಳೆ ಕಾಣಬೇಕೆಂದು ಈ ಏರ್ಪಾಡು. ಹಳೆಯ ಫೋಟೋ ಸ್ಟುಡಿಯೋಗಳವರೂ ಇದೇ ಕಾರಣಕ್ಕೆ ಉತ್ತರದ ಗಾಜಿನ ಕಿಟಕಿಯನ್ನು ಹುಡುಕುತ್ತಿದ್ದರು. ಎಳೆ ಕಾಣುವ ಬೆಳಕಿನಲ್ಲಿಯೇ ಮುಖದ ಗೆರೆಯೂ ಕಾಣುತ್ತದೆ.

ಈಗ ಮಾಡುವ ಕ್ರಮ ಹೇಳುತ್ತೇವೆ. ಗಮನವಿಟ್ಟು ಕೇಳಬೇಕು.

ಮೊದಲನೆಯದಾಗಿ, ಖೋಲಿಯ ಟ್ಯೂಬ್ ಲೈಟು ಆರಿಸಿರಿ. ತಲೆಯ ಮೇಲಿನ ಬೆಳಕಿನಿಂದ ಕಣ್ಣಿನ ಗುಳಿಯಲ್ಲಿ ಕಪ್ಪು ತುಂಬಿ, ಆರೋಗ್ಯವಂತನೂ ರೋಗಿಯಂತೆ ಕಾಣುತ್ತಾನೆ. ಅಲ್ಲದೆ ಕಿಟಕಿಯ ಬೆಳಕಿನ ಬಣ್ಣ ಬೇರೆ, ಬಲ್ಬಿನ ಹಳದಿ ಬೇರೆ. ಎರಡೂ ಕೂಡಿದರೆ ಅರ್ಧ ಮುಖ ನೀಲಿ, ಅರ್ಧ ಮುಖ ಅರಸಿನ. ಮೊಬೈಲಿನ ಫ್ಲಾಶ್ ಕೂಡ ಬೇಡ. ಅದು ಎದುರಿನಿಂದ ಹೊಡೆದು, ಇದ್ದ ನೆರಳನ್ನೆಲ್ಲ ಅಳಿಸಿಬಿಡುತ್ತದೆ.

ಎರಡನೆಯದಾಗಿ, ಕೂರುವವರನ್ನು ಕಿಟಕಿಯಿಂದ ಒಂದು ಕೈಯಳತೆಯಲ್ಲಿ, ಕಿಟಕಿ ಅವರ ಪಕ್ಕಕ್ಕೆ ಬರುವಂತೆ ಕೂರಿಸಿರಿ. ಮುಖವನ್ನು ನಿಧಾನವಾಗಿ ಬೆಳಕಿನ ಕಡೆಗೆ ತಿರುಗಿಸಲು ಹೇಳಿರಿ. ಒಂದು ಹಂತದಲ್ಲಿ ಮೂಗಿನ ನೆರಳು ಕೆನ್ನೆಯ ನೆರಳಿಗೆ ಸೇರಿ, ನೆರಳಿನ ಬದಿಯ ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋಣ ಉಳಿಯುತ್ತದೆ. ಅಲ್ಲಿ ನಿಲ್ಲಿಸಿರಿ. ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ (1606–1669) ಬರೆದ ಮುಖಗಳಲ್ಲಿ ಇದು ಕಾಣುವುದರಿಂದ ಫೋಟೋದವರು ಇದಕ್ಕೆ ರೆಂಬ್ರಾಂಟ್ ಬೆಳಕು ಎನ್ನುತ್ತಾರೆ. ಆತನ ತಂದೆ ಧಾನ್ಯ ಬೀಸುವ ಗಿರಣಿಯವನು. ಹಾಗಾಗಿ ಗಿರಣಿಯ ಮನೆಯಿಂದ ಬಂದ ವಿದ್ಯೆಯೆಂದು ನಾವೂ ಸ್ವಲ್ಪ ಹೆಮ್ಮೆಪಡಬಹುದು.

ಮೂರನೆಯದಾಗಿ, ನೆರಳಿನ ಬದಿ ತೀರ ಕಪ್ಪಾದರೆ ಆ ಕಡೆಗೆ ಬಿಳಿಯ ಪಂಚೆಯನ್ನೋ ಮೇಜಿನ ಬಟ್ಟೆಯನ್ನೋ ಒಬ್ಬರು ಹಿಡಿದು ನಿಲ್ಲಲಿ. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಸ್ಟೀಲಿನ ತಟ್ಟೆ ಹಿಡಿದರೆ ಬೆಳಕು ಚುರುಕಾಗಿ ಒಂದೇ ಕಡೆ ಬೀಳುತ್ತದೆ. ಅದು ಕೂದಲಿನ ಅಂಚಿಗೆ ಒಳ್ಳೆಯದು, ಕಣ್ಣಿಗೆ ಬೇಡ. ಕಿಟಕಿಯಿಂದ ನೇರ ಬಿಸಿಲು ಹೊಡೆಯುತ್ತಿದ್ದರೆ ಅದೇ ಪಂಚೆಯನ್ನು ಕಿಟಕಿಗೆ ಕಟ್ಟಿರಿ.

ನಾಲ್ಕನೆಯದಾಗಿ, ರಾತ್ರಿಯಲ್ಲಿ ಕಿಟಕಿ ಉಪಯೋಗಕ್ಕಿಲ್ಲ, ಒಂದು ಬಲ್ಬು ಮಾತ್ರ. ಆಗ ಒಂದು ಲೆಕ್ಕ ನೆನಪಿಡಬೇಕು. ಬಲ್ಬಿನಿಂದ ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಮುಖ 2 ಅಡಿಯಲ್ಲಿ, ಹಿಂದಿನ ಗೋಡೆ 8 ಅಡಿಯಲ್ಲಿ ಇದ್ದರೆ ಗೋಡೆಗೆ ಬೀಳುವುದು ಮುಖಕ್ಕೆ ಬಿದ್ದ ಬೆಳಕಿನ ಹದಿನಾರರಲ್ಲಿ ಒಂದು ಪಾಲು. ಗೋಡೆಯ ಮೇಲಿನ ಕ್ಯಾಲೆಂಡರು, ಹಗ್ಗದ ಮೇಲಿನ ಬನಿಯನು, ಮೂಲೆಯ ಗ್ಯಾಸ್ ಸಿಲಿಂಡರು ಎಲ್ಲವೂ ತಾವಾಗಿಯೇ ಕತ್ತಲೆಗೆ ಸರಿಯುತ್ತವೆ. ಹತ್ತು ಜನ ಮಲಗುವ ಖೋಲಿಯಲ್ಲಿಯೂ ಒಬ್ಬ ಮನುಷ್ಯನಿಗೆ ಅವನದೇ ಆದ ಜಾಗ ದೊರಕುತ್ತದೆ. ಬಲ್ಬನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಕ್ಕದಲ್ಲಿ ಹಿಡಿಯಬೇಕು.

ಐದನೆಯದಾಗಿ, ಮೊಬೈಲಿನ ಗಾಜು ಒರೆಸಿರಿ. ಅಡುಗೆಮನೆಯಲ್ಲಿ ದುಡಿಯುವವರ ಮೊಬೈಲಿನ ಮೇಲೆ ಎಣ್ಣೆಯ ಪೊರೆ ಕೂತಿರುತ್ತದೆ. ಪಟದ ಮೇಲೆ ಮಂಜು ಬೀಳಲು ಎಷ್ಟೋ ಸಲ ಅದೇ ಕಾರಣ. ಒಣ ಹತ್ತಿಬಟ್ಟೆ ಸಾಕು. ಆಮೇಲೆ ಮೊಣಕೈಗಳನ್ನು ಮೇಜಿಗೆ ಊರಿ ಹಿಡಿಯಿರಿ. ಕಡಿಮೆ ಬೆಳಕಿನಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ, ಕೈ ನಡುಗಿದರೆ ಚಿತ್ರ ಅಲುಗುತ್ತದೆ. ಪರದೆಯಲ್ಲಿ ಬೆಳಕು ಬಿದ್ದ ಕೆನ್ನೆಯನ್ನು ಬೆರಳಿನಿಂದ ಒತ್ತಿರಿ. ಹೆಚ್ಚಿನ ಮೊಬೈಲುಗಳಲ್ಲಿ ಸೂರ್ಯನ ಗುರುತು ಬರುತ್ತದೆ. ಅದನ್ನು ತುಸು ಕೆಳಕ್ಕೆ ಎಳೆಯಿರಿ. ಕತ್ತಲೆ ಕಂಡರೆ ಮೊಬೈಲು ಎಲ್ಲವನ್ನೂ ಬೆಳಗಲು ಹೋಗಿ ಬೂದಿ ಬಣ್ಣ ಮಾಡುತ್ತದೆ. ಕತ್ತಲೆ ಕತ್ತಲೆಯಾಗಿಯೇ ಇರಲಿ ಎಂದು ಅದಕ್ಕೆ ನಾವು ಹೇಳಬೇಕು.

ಬಣ್ಣದ ಬಗ್ಗೆ ಒಂದು ಮಾತು. ಕೆಲವು ಮೊಬೈಲುಗಳು ಕೇಳದೆಯೇ ಮುಖವನ್ನು ಬೆಳ್ಳಗೆ, ನುಣ್ಣಗೆ ಮಾಡುತ್ತವೆ. ಅದನ್ನು ನಿಲ್ಲಿಸಿಬಿಡಿ. ಈ ಪಕ್ಷಪಾತ ಹಳೆಯದು. ಕೊಡಾಕ್ ಕಂಪನಿಯವರು ಬಣ್ಣದ ಫೋಟೋಗಳ ಹದ ನೋಡಲು 1950ರ ದಶಕದಿಂದ ಪ್ರಿಂಟು ಹಾಕುವವರಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿದ್ದರು. ಅದರಲ್ಲಿದ್ದದ್ದು ಬಿಳಿಯ ಹೆಂಗಸು. ಕಪ್ಪು, ಕಂದು ಬಣ್ಣದವರೂ ಕೂಡಿದ ಕಾರ್ಡು ಬಂದದ್ದು 1990ರ ದಶಕದಲ್ಲಿ. ಬಿಳಿಯ ಮೈಗೆ ಹೊಂದಿಸಿದ ತಕ್ಕಡಿಯಲ್ಲಿ ನಮ್ಮನ್ನು ತೂಗಿದರೆ ನಾವು ಕಡಿಮೆ ಬೀಳದೆ ಇನ್ನೇನಾದೀತು? ಕಪ್ಪು ಮೈಯ ಮೇಲೆ ಪಕ್ಕದ ಬೆಳಕು ಬಿದ್ದಾಗ ಬರುವ ಹೊಳಪು ಬಿಳಿ ಮೈಗೆ ಬರುವುದಿಲ್ಲ. ಅದನ್ನು ಅಳಿಸಬಾರದು.

ಇನ್ನು ಎರಡನೆಯ ವಿಷಯ, ಕತ್ತರಿಸುವುದು.

ಪಟ ತೆಗೆದ ಮೇಲೆ ಬೇಡದ್ದನ್ನು ಅಂಚಿನಿಂದ ತೆಗೆದುಹಾಕುವುದು ತಪ್ಪಲ್ಲ. ಸೊಪ್ಪು ಹೆಚ್ಚುವಾಗ ಬೇರನ್ನು ತೆಗೆಯುತ್ತೇವೆ, ಎಲೆಯನ್ನು ಬಿಸಾಡುವುದಿಲ್ಲ. ಹಾಗೆ ತಿಳಿಯಿರಿ. ಅಮೆರಿಕದ ಅರ್ನಾಲ್ಡ್ ನ್ಯೂಮನ್ ಎಂಬ ಛಾಯಾಚಿತ್ರಕಾರ 1946ರಲ್ಲಿ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಪಟ ತೆಗೆದ. ದೊಡ್ಡ ಪಿಯಾನೋ, ಅದರ ಮೇಲೆತ್ತಿದ ಕಪ್ಪು ಮುಚ್ಚಳ, ಮೂಲೆಯಲ್ಲಿ ತಲೆಗೆ ಕೈ ಕೊಟ್ಟು ಕೂತ ಚಿಕ್ಕ ಮನುಷ್ಯ. ಮೂಲ ನೆಗೆಟಿವಿನಲ್ಲಿ ಸುತ್ತಲೂ ಬೇಕಾದಷ್ಟು ಜಾಗವಿತ್ತು. ಅದನ್ನೆಲ್ಲ ಕತ್ತರಿಸಿದ ಮೇಲೆ ಉಳಿದ ಚಿತ್ರ ಲೋಕಪ್ರಸಿದ್ಧವಾಯಿತು. ಅವನು ಮನುಷ್ಯನನ್ನು ದೊಡ್ಡದು ಮಾಡಲಿಲ್ಲ, ಅವನ ಕಸುಬಿನ ಸಾಧನವನ್ನು ಅವನೊಂದಿಗೆ ಉಳಿಸಿದ. ಇದೇ ಅದರ ಗುಟ್ಟು.

ನಾವು ಪಾಲಿಸತಕ್ಕ ನಿಯಮಗಳು ಕೆಲವೇ. ಕುತ್ತಿಗೆ, ಮೊಣಕೈ, ಮಣಿಕಟ್ಟು, ಮೊಣಕಾಲು ಈ ಸಂದುಗಳಲ್ಲಿ ಕತ್ತರಿಸಬಾರದು. ಕತ್ತರಿಸಿದರೆ ಅಂಗ ಹೋದವರಂತೆ ಕಾಣುತ್ತಾರೆ. ಎದೆಯ ನಡುವೆ ಅಥವಾ ಸೊಂಟದ ಮೇಲೆ ಕತ್ತರಿಸಿರಿ. ಬಹಳ ಹತ್ತಿರದ ಪಟದಲ್ಲಿ ತಲೆಯ ಮೇಲ್ಭಾಗ ಸ್ವಲ್ಪ ಹೋದರೂ ಅಡ್ಡಿಯಿಲ್ಲ, ಗಲ್ಲ ಹೋಗಬಾರದು. ಕಣ್ಣುಗಳು ಚಿತ್ರದ ಮೇಲಿನ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿರಲಿ. ಅವರು ನೋಡುತ್ತಿರುವ ದಿಕ್ಕಿನಲ್ಲಿ ಜಾಗ ಬಿಡಿ, ನೋಟಕ್ಕೂ ಉಸಿರಾಡಲು ಸ್ಥಳ ಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಕೈಗಳನ್ನು ಬಿಡಬೇಡಿ. ಭಟ್ಟರ ಕೈಯ ಸುಟ್ಟ ಗುರುತು, ನೇಕಾರರ ಬೆರಳ ತುದಿಯ ಗಡಸು, ಲೋಟ ತೊಳೆದು ಸುಕ್ಕುಗಟ್ಟಿದ ಅಂಗೈ, ಇವೇ ನಮ್ಮ ಸರ್ಟಿಫಿಕೇಟು. ಮುಖಕ್ಕೆ ಬಿದ್ದ ಬೆಳಕಿನಲ್ಲಿಯೇ ಕೈಯೂ ಬರುವಂತೆ ಮಡಿಲಲ್ಲಿ ಅಥವಾ ಗಲ್ಲದ ಹತ್ತಿರ ಇಡಿಸಿರಿ.

ತೀರ ಹತ್ತಿರ ಹೋಗಿ ತೆಗೆಯಬೇಡಿ, ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ನಾಲ್ಕೈದು ಅಡಿ ದೂರದಿಂದ ತೆಗೆದು ಆಮೇಲೆ ಕತ್ತರಿಸಿರಿ. ಆದರೆ ಎಷ್ಟು ಕತ್ತರಿಸಬಹುದು? 8 ಅಂಗುಲ, 10 ಅಂಗುಲದ ಪ್ರಿಂಟು ಚೊಕ್ಕಟವಾಗಿ ಬರಲು ಅಂಗುಲಕ್ಕೆ 300 ಚುಕ್ಕಿಯಂತೆ 2400ಕ್ಕೆ 3000, ಅಂದರೆ 72 ಲಕ್ಷ ಚುಕ್ಕಿಗಳು ಬೇಕು. ನಿಮ್ಮ ಮೊಬೈಲು 12 ಮೆಗಾಪಿಕ್ಸೆಲಿನದಾದರೆ ಒಟ್ಟು ಚುಕ್ಕಿ 120 ಲಕ್ಷ. ಐದರಲ್ಲಿ ಎರಡು ಪಾಲು ಕತ್ತರಿಸಿದರೂ ಕೆಲಸ ನಡೆಯುತ್ತದೆ, ಅದಕ್ಕಿಂತ ಹೆಚ್ಚು ಬೇಡ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಸಣ್ಣದಾಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿರಿ. ಮೂಲ ಚಿತ್ರವನ್ನು ಯಾವಾಗಲೂ ಬೇರೆ ಇಟ್ಟುಕೊಳ್ಳಬೇಕು.

ಇಷ್ಟು ಕಸುಬಿನ ಮಾತು. ಇನ್ನು ಹೊಣೆಯ ಮಾತು.

ಬೆಳಕು ಹಿಡಿದವನ ಕೈಯಲ್ಲಿ ದೊಡ್ಡ ಅಧಿಕಾರವಿದೆ. ಜರ್ಮನಿಯ ಉಕ್ಕಿನ ಒಡೆಯ ಆಲ್‌ಫ್ರೀಡ್ ಕ್ರುಪ್ ಯುದ್ಧಕಾಲದಲ್ಲಿ ಸೆರೆಯಾಳುಗಳನ್ನು ಗುಲಾಮರಂತೆ ದುಡಿಸಿದ್ದಕ್ಕಾಗಿ 1948ರಲ್ಲಿ ನ್ಯೂರೆಂಬರ್ಗಿನಲ್ಲಿ ಶಿಕ್ಷೆಗೆ ಒಳಗಾದ, 1951ರಲ್ಲಿಯೇ ಹೊರಬಂದ. 1963ರಲ್ಲಿ ಅವನ ಪಟ ತೆಗೆಯಲು ಹೋದವನು ಇದೇ ನ್ಯೂಮನ್, ಯೆಹೂದಿ. ಕಾರ್ಖಾನೆಯೊಳಗೆ ಅವನನ್ನು ಕೂರಿಸಿ, ಎರಡೂ ಪಕ್ಕದಿಂದ ಬೆಳಕು ಬಿಟ್ಟು, ಸ್ವಲ್ಪ ಮುಂದಕ್ಕೆ ಬಾಗಲು ಹೇಳಿದ. ಮುಖದ ನಡುವೆ ಕತ್ತಲೆ ಇಳಿದು ಆ ಸಾಹುಕಾರ ಸಾಕ್ಷಾತ್ ದೈತ್ಯನಂತೆ ಕಂಡ. ಒಂದು ಮಾತೂ ಬರೆಯದೆ ಬೆಳಕಿನಿಂದಲೇ ತೀರ್ಪು ಬರೆದ. ಅದೇ ಬೆಳಕಿನಿಂದ ಬಡವನನ್ನು ಅಪರಾಧಿಯಂತೆ ತೋರಿಸಲೂ ಬರುತ್ತದೆ. ಆದ್ದರಿಂದ ಎಚ್ಚರ ಬೇಕು.

ಕತ್ತರಿ ಹಿಡಿದವನ ಅಧಿಕಾರವೂ ಹಾಗೆಯೇ. ನಾವು ಕೆಲಸಮಾಡಿದ ಒಂದು ಹೋಟೆಲಿನ ವಾರ್ಷಿಕೋತ್ಸವದಲ್ಲಿ ಗಲ್ಲಾದಿಂದ ಮೋರಿಯವರೆಗಿನ ಎಲ್ಲರನ್ನೂ ನಿಲ್ಲಿಸಿ ಪಟ ತೆಗೆದರು. ಕಟ್ಟು ಹಾಕಿಸಿ ಗೋಡೆಗೇರಿದಾಗ ಎರಡೂ ತುದಿಯ ಅಡುಗೆಯವರು, ಕ್ಲೀನರುಗಳು ಇರಲಿಲ್ಲ. ಚೌಕಟ್ಟಿಗೆ ಹಿಡಿಸಲಿಲ್ಲವಂತೆ. ಹೋಟೆಲಿನ ಹೆಸರು ಬೇಡ, ಅಂಥ ಚೌಕಟ್ಟುಗಳು ಬೇಕಾದಷ್ಟಿವೆ. ನಮ್ಮ ಸಂಘದ ಗುಂಪುಚಿತ್ರದಲ್ಲಿ ಯಾರನ್ನೂ ಕತ್ತರಿಸಕೂಡದು, ಚೌಕಟ್ಟನ್ನೇ ದೊಡ್ಡದು ಮಾಡಿಸೋಣ.

ಇನ್ನೊಂದು ಭೇದ ತಿಳಿದಿರಬೇಕು. ಭಾವಚಿತ್ರ ಬೇರೆ, ದೂರಿನ ಚಿತ್ರ ಬೇರೆ. ಅಡುಗೆಮನೆಯ ಹೊಗೆ, ಮುರಿದ ಮೆಟ್ಟಿಲು, ತೆರೆದ ವಿದ್ಯುತ್ ತಂತಿ, ಇವನ್ನು ಕಾರ್ಮಿಕ ಇಲಾಖೆಗೆ ತೋರಿಸುವುದಾದರೆ ಎಲ್ಲ ದೀಪಗಳನ್ನೂ ಹಾಕಿ, ಇಡೀ ಜಾಗ ಕಾಣುವಂತೆ ತೆಗೆದು, ಒಂದು ಕೂದಲೆಳೆಯಷ್ಟೂ ಕತ್ತರಿಸದೆ, ತಾರೀಖು ಸಮೇತ ಮೂಲ ಚಿತ್ರವನ್ನೇ ಕೊಡಬೇಕು. ಅಲ್ಲಿ ನೆರಳಿನ ಅಂದ ಬೇಡ. ನಮ್ಮ ಕಷ್ಟವನ್ನು ಚೆಂದ ಮಾಡಿದರೆ ನೋಡಿದವರು ಚೆಂದವನ್ನು ಹೊಗಳಿ ಕಷ್ಟವನ್ನು ಮರೆಯುತ್ತಾರೆ.

ಕೊನೆಯ ಮಾತು, ಹೆಸರಿನದು. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಕೊಯ್ಯುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಎಂಬಾಕೆ ಮಕ್ಕಳೊಡನಿದ್ದ ಒಬ್ಬ ತಾಯಿಯ ಪಟ ತೆಗೆದರು. ಪ್ರಪಂಚವೆಲ್ಲ ಆ ಮುಖವನ್ನು ಕಂಡಿತು. ಚಿತ್ರದ ಮೂಲೆಯಲ್ಲಿ ಗುಡಾರದ ಕಂಬ ಹಿಡಿದಿದ್ದ ಹೆಬ್ಬೆರಳೊಂದು ಅಂದಕ್ಕೆ ಅಡ್ಡಿಯೆಂದು ಆಮೇಲೆ ಅದನ್ನೂ ಮಸುಕುಗೊಳಿಸಿದರು. ಆದರೆ ಆ ತಾಯಿಯ ಹೆಸರನ್ನು ಅಂದು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರಕ್ಕಾಗಿ ಆಕೆಗೆ ಸಂಭಾವನೆಯೇನೂ ದೊರೆಯಲಿಲ್ಲ. ಮುಖ ಉಳಿದು ಹೆಸರು ಹೋದರೆ ಅದೂ ಒಂದು ಬಗೆಯ ಕತ್ತರಿಯೇ ಅಲ್ಲವೇ?

ಆದುದರಿಂದ ಸಂಘದ ಮುಂದೆ ನಮ್ಮ ಸೂಚನೆ ಇಷ್ಟು. ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಸಿಗುವ ಬಿಡುವಿನಲ್ಲಿ, ಒಬ್ಬರು ಇನ್ನೊಬ್ಬರ ಪಟ ತೆಗೆಯೋಣ. ಹಿರಿಯರಿಂದ ಆರಂಭಿಸೋಣ. ಒಪ್ಪಿಗೆ ಕೇಳಿಯೇ ತೆಗೆಯೋಣ. ಬೇಡವೆಂದವರನ್ನು, ಮುಖ್ಯವಾಗಿ ತಾಯಂದಿರನ್ನು, ಒತ್ತಾಯಿಸಬಾರದು. ತೆಗೆದದ್ದನ್ನು ಅವರಿಗೇ ಮೊದಲು ತೋರಿಸೋಣ. ಪ್ರಿಂಟಿನ ಹಿಂದೆ ಹೆಸರು, ಊರು, ಕಸುಬು, ದುಡಿದ ವರ್ಷಗಳು, ಪಟ ತೆಗೆದ ದಿನ ಇಷ್ಟನ್ನು ಕನ್ನಡದಲ್ಲಿ ಬರೆದು ಒಂದು ಪ್ರತಿ ಅವರ ಮನೆಗೆ, ಒಂದು ಪ್ರತಿ ಸಂಘದ ಕಪಾಟಿಗೆ.

ಹಾರ ಹಾಕುವುದಕ್ಕಾಗಿ ಅಲ್ಲ, ಬದುಕಿರುವಾಗಲೇ ನೋಡಿ ಸಂತೋಷಪಡುವುದಕ್ಕಾಗಿ. ತಮ್ಮ ಮುಖಕ್ಕೆ ಇಷ್ಟು ಘನತೆ ಇತ್ತೇ ಎಂದು ನಮ್ಮವರು ಒಂದು ಸಲ ಬೆರಗಾಗಲಿ. ಹಾಗೆ ಬೆರಗಾದ ಮನುಷ್ಯ ನಾಳೆ ಮಾಲೀಕರ ಮುಂದೆ ನಿಂತು ಮಾತಾಡುವಾಗ ತಲೆ ತಗ್ಗಿಸುವುದಿಲ್ಲ ಎಂಬುದು ನಮ್ಮ ನಂಬಿಕೆ.